ಖಾಲಿ ಮಾಡಿದ ಗಾಡಿ

ಕಾರ್ಖಾನೆಯಿಂದ ಬಂದಂತೆಯೇ ಇರುವ, ಯಾರೂ ಕೈಯಾಡಿಸದ ಗಾಡಿಗೆ ನಮ್ಮ ಕಡೆ ‘ಕಂಪನಿ’ ಎನ್ನುತ್ತಾರೆ. ‘ಇಂಜಿನ್ ಕಂಪನಿ ಐತಿ’, ‘ಸೀಟ ಕಂಪನಿ ಅದಾವ’ ಎಂದರೆ ಹೊಗಳಿಕೆ. ಅದಕ್ಕೆ ವಿರುದ್ಧ ಪದ ‘ಮಾಡಿಫಾಯ್’. ಈ ಎರಡು ಪದಗಳ ನಡುವೆ ನಾನೂ ಅಣ್ಣನೂ ಆರು ತಿಂಗಳು ವಾದಿಸಿದೆವು. ವಾದಿಸಿದೆವು ಎನ್ನುವುದೂ ಪೂರ್ತಿ ಸರಿಯಲ್ಲ. ವಾದಿಸಿದವಳು ನಾನು. ಅಣ್ಣ ಪ್ರತಿ ಸಲ ಕೊನೆಗೆ ‘ಬಿಡು’ ಎಂದು ಎದ್ದು ಹೋಗುತ್ತಿದ್ದ. ಗೆದ್ದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಗಾಡಿ ಎಂದರೆ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಪುಣೆಯಲ್ಲಿ ಯಾರೋ ಕೆಲವು ವರ್ಷ ಓಡಿಸಿ ಬಿಟ್ಟದ್ದು. ಹಿಂದೆಯೂ ಸೀಟು ಇದೆ ಎಂದು ಕಾಗದಪತ್ರ ಹೇಳುತ್ತದೆ. ಅಲ್ಲಿ ಕೂರಬೇಕಾದವರು ಮೊದಲು ತಮ್ಮನ್ನು ಹಾಸಿಗೆಯಂತೆ ಸುತ್ತಿಕೊಳ್ಳಬೇಕು. ಕರೋಶಿಯ ಹತ್ತಿರದ ನಮ್ಮ ಊರಿನ ದಾರಿಗೆ, ಕಬ್ಬಿನ ಟ್ರಾಲಿಗಳು ಉಳುಮೆ ಮಾಡಿದಂತೆ ಬಿಟ್ಟುಹೋಗುವ ಆ ದಾರಿಗೆ, ಅದು ಬಂದು ನಿಂತ ದಿನ ಅಪ್ಪ ಸುತ್ತಲೂ ಒಂದು ಸಲ ತಿರುಗಿ ಬಂದು ಕೇಳಿದ, “ನಾಕ ಮಂದಿ ಮನಿ, ಎರಡ ಬಾಗಲದ ಗಾಡಿ. ನಾನೂ ನಿಮ್ಮವ್ವನೂ ಕಿಡಕ್ಯಾಗಿಂದ ಹತ್ತಬೇಕೇನೊ?”

ಅಣ್ಣ ನಕ್ಕು ಸುಮ್ಮನಾದ. ಅವನ ಸ್ವಭಾವವೇ ಅದು.

ಅಣ್ಣನ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಬರೀ ತಮಾಷೆ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಯಾವ ಹೊಲಕ್ಕೆ ಯಾವ ಕಬ್ಬು ಎಂದು ನಿರ್ಧರಿಸುವವನು ಅಪ್ಪ. ಯಾವತ್ತು ಕಡಿಯಬೇಕು ಎಂದು ನಿರ್ಧರಿಸುವುದು ಸಕ್ಕರೆ ಕಾರ್ಖಾನೆ. ಅಣ್ಣನ ಓದು ಎಲ್ಲಿಗೆ ನಿಲ್ಲಬೇಕೆಂದು ನಿರ್ಧರಿಸಿದ್ದು ದೊಡ್ಡಪ್ಪ. ಅವನು ಯಾವ ಹುಡುಗಿಯನ್ನು ನೋಡಲು ಹೋಗಬೇಕೆಂದು ನಿರ್ಧರಿಸುವುದು ಅವ್ವ. ಅವನು ಬೇರೆಯಾಗಿ ಒಂದು ತುಂಡು ಹೊಲದಲ್ಲಿ ಹಾಕಿದ ಡೊಣ್ಣಮೆಣಸಿನಕಾಯಿಯ ದುಡ್ಡಿನಿಂದ ತಂದದ್ದು ಈ ಗಾಡಿ. ಯಾರನ್ನೂ ಕೇಳದೆ ಅವನೊಬ್ಬನೇ ನಿರ್ಧಾರ ಮಾಡಿ ತಂದ ಒಂದೇ ವಸ್ತು.

ತಂದ ಮೇಲೆ ಅವನಿಗೆ ಇನ್ನೂ ಒಂದೇ ಒಂದು ಆಸೆ ಇತ್ತು. ಗಾಡಿಯನ್ನು ನಾಲ್ಕು ಬೆರಳು ಕೆಳಗಿಳಿಸಬೇಕು. ಕಂಪನಿ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿದರೆ ಟೈರಿಗೂ ಮಡ್ಗಾರ್ಡಿಗೂ ನಡುವಿನ ಜಾಗ ಮುಚ್ಚಿಹೋಗಿ ಗಾಡಿ ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ನಿಪ್ಪಾಣಿಯ ಗ್ಯಾರೇಜಿನ ಮಿಸ್ತ್ರಿಯ ಬಳಿ ಅಂಥ ಒಂದು ಸೆಟ್ಟು ಇತ್ತು. ಬೇರೆ ಯಾರಿಗೋ ತರಿಸಿದ್ದು, ಅವರು ಒಯ್ಯಲಿಲ್ಲ, ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಅಣ್ಣ ನಿಪ್ಪಾಣಿಗೆ ಡ್ರಿಪ್ ಪೈಪಿಗೆ ಹೋಗಲಿ, ಔಷಧಿಗೆ ಹೋಗಲಿ, ಅದನ್ನೊಂದು ಸಲ ಮುಟ್ಟಿ ಬರುತ್ತಿದ್ದ.

ನಾನು ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಈಗ ಚಿಕ್ಕೋಡಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ನಮಗೆ ವೇದಿಕೆ ಹತ್ತುವ ಅರ್ಧ ಗಂಟೆ ಮೊದಲು ಚೀಟಿ ಎತ್ತಿಸಿ, ಪರವೋ ವಿರೋಧವೋ ಎಂದು ಹೇಳುತ್ತಿದ್ದರು. ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಎದುರಾಳಿ ಬೇಕಾದಾಗ ಅಣ್ಣನನ್ನು ಗೊಬ್ಬರದ ಚೀಲಗಳ ಮೇಲೆ ಕೂರಿಸುತ್ತಿದ್ದೆ. ಅವನ ಕೆಲಸ ಎದುರು ಕೂತು ಸೋಲುವುದು. ನಾನು ಗೆದ್ದುತಂದ ಕಪ್ಪುಗಳನ್ನು ಬಸ್‌ಸ್ಟ್ಯಾಂಡಿನಿಂದ ಬೈಕಿನ ಮೇಲೆ ಮನೆಗೆ ತರುತ್ತಿದ್ದವನೂ ಅವನೇ.

ಗಾಡಿಯ ವಿಷಯದಲ್ಲಿ ನನಗೆ ಚೀಟಿಯೂ ಬೇಕಾಗಲಿಲ್ಲ. ಅಣ್ಣ ಕೆಳಗಿಳಿಸಬೇಕು ಎಂದ, ಆದ್ದರಿಂದ ನಾನು ವಿರೋಧ.

“ಮೊದಲನೇದು, ಆ ಸ್ಪ್ರಿಂಗ್ ಎಷ್ಟ ಉದ್ದ ಇರಬೇಕಂತ ಕೂತು ಲೆಕ್ಕ ಹಾಕಿದ ಇಂಜಿನಿಯರ್‌ಗಿಂತ ನಿಪ್ಪಾಣಿ ಮಿಸ್ತ್ರಿಗೆ ಹೆಚ್ಚು ಗೊತ್ತೈತಿ ಅಂತ ನೀ ಸಿದ್ಧ ಮಾಡಬೇಕು. ಎರಡನೇದು, ನಾಳೆ ಏನರ ಆತಂದ್ರ ಇನ್ಶೂರೆನ್ಸ್‌ನವರು ಮೊದಲ ಹಿಡಿಯೂದು ಇದನ್ನ. ಮೂರನೇದು, ನಮ್ಮ ರಸ್ತೆ ನೋಡಿದಿ? ಕಬ್ಬಿನ ಟ್ರ್ಯಾಕ್ಟರ್ ಜಿಗದ ಹೋಗ್ತಾವ, ನಿನ್ನ ಗಾಡಿ ಹೊಟ್ಟಿ ಮ್ಯಾಲ ಹೋಗ್ತೈತೇನ?”

“ನೋಡಾಕ ಚೊಲೋ ಕಾಣ್ತೈತಿ,” ಎಂದ ಅಣ್ಣ.

“ಚೊಲೋ ಅಂದ್ರ ಏನು? ಮೊದಲ ಪದದ ಅರ್ಥ ಹೇಳು, ಆಮ್ಯಾಲ ವಾದಾ ಮಾಡು.”

ಅವನು ಎತ್ತಿನ ಓಟದ ಪಂದ್ಯ ನೆನಪಿಸಿದ. “ಶರ್ಯತ್ತಿನ ಎತ್ತು ನೋಡಿದೀ ಇಲ್ಲ? ಬಿಡೂದಕ್ಕ ಮೊದಲ ಮುಂದಿನ ಕಾಲ ಊರಿ ಒಂದೀಟ ಬಗ್ಗತೈತಿ. ಇನ್ನ ಓಡಿರೂದಿಲ್ಲ. ಆದ್ರ ಓಡತೈತಿ ಅಂತ ನೋಡಿದವ್ರಿಗೆ ತಿಳೀತೈತಿ. ಹಂಗ.”

“ಹೋಲಿಕೆ ವಾದಾ ಅಲ್ಲ,” ಎಂದೆ ನಾನು.

“ಬಿಡು ವಕೀಲಬಾಯಿ,” ಎಂದು ಅವನು ಎದ್ದು ದನಗಳಿಗೆ ನೀರು ಬಿಡಲು ಹೋದ.

ಅವನ ಪರವಾಗಿ ಎಷ್ಟೆಲ್ಲ ಹೇಳಬಹುದಿತ್ತು ಎಂಬುದು ನನಗೆ ಆಗಲೇ ಗೊತ್ತಿತ್ತು. ನಮ್ಮ ತಾಲೂಕಿನಲ್ಲಿ ಕಂಪನಿಯಾಗಿ ಉಳಿದ ಒಂದಾದರೂ ಟ್ರ್ಯಾಕ್ಟರ್ ಇದೆಯೆ? ನಮ್ಮದೇ ಟ್ರ್ಯಾಕ್ಟರಿಗೆ ಅಪ್ಪ ಹಾಕಿಸಿದ ಎತ್ತರದ ಹುಡ್ಡು, ಬಣ್ಣಬಣ್ಣದ ಗೊಂಡೆ, ಇಡೀ ಓಣಿಗೆ ಭಜನೆ ಕೇಳಿಸುವ ಸ್ಪೀಕರು ಯಾವ ಇಂಜಿನಿಯರು ಲೆಕ್ಕ ಹಾಕಿದ್ದು? ಹೊಲಿಗೆ ಮಷೀನಿಗೆ ಅವ್ವ ಸ್ಕೂಟರಿನ ಸೀಟಿನ ಸ್ಪಂಜು ಕಟ್ಟಿದ್ದಾಳೆ. ಬಳಸುವವರು ತಮ್ಮ ವಸ್ತುವನ್ನು ತಮ್ಮ ಕೈಗೆ ಒಗ್ಗಿಸಿಕೊಳ್ಳುತ್ತಾರೆ, ಅದೇ ಮನುಷ್ಯನ ಲಕ್ಷಣ ಎಂದು ನಾನು ಹತ್ತು ನಿಮಿಷ ನಿಲ್ಲದೆ ಮಾತಾಡಬಲ್ಲೆ. ಅಣ್ಣನ ಜಾಗದಲ್ಲಿ ನಾನು ಇದ್ದಿದ್ದರೆ ನನ್ನನ್ನು ಸೋಲಿಸಿಬಿಡುತ್ತಿದ್ದೆ. ಆದರೆ ಎದುರಾಳಿಗೆ ಪಾಯಿಂಟು ಒದಗಿಸುವುದು ನನ್ನ ಕೆಲಸ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಹೀಗೆ ಗಾಡಿ ಕಂಪನಿಯಾಗಿಯೇ ಉಳಿಯಿತು. ನಾಗರಪಂಚಮಿ ಹತ್ತಿರ ಬಂತು.

ನಮ್ಮ ಅಕ್ಕನನ್ನು ಕಾಗವಾಡದ ಆಚೆಯ ಒಂದು ಊರಿಗೆ ಕೊಟ್ಟಿದೆ. ಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆದುತರಬೇಕು. ತಾನಾಗಿ ಬಸ್ಸು ಹತ್ತಿ ಬಂದರೆ ಅದು ಬಂದಂತೆ ಅಲ್ಲ. ಈ ಸಲ ಕೆಂಪು ಗಾಡಿಯಲ್ಲೇ ಕರೆಯಲು ಬರುತ್ತೇನೆಂದು ಅಣ್ಣ ಅಕ್ಕನಿಗೆ ಯುಗಾದಿಯ ಹೊತ್ತಿಗೇ ಮಾತು ಕೊಟ್ಟಿದ್ದ. ಅಕ್ಕ ಅದನ್ನು ತನ್ನ ಓಣಿಗೆಲ್ಲ ಹೇಳಿಟ್ಟಿದ್ದಳು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಗಾಡಿಯ ಎ.ಸಿ. ಕೆಟ್ಟಿತು. ನಿಪ್ಪಾಣಿಯಲ್ಲಿ ಮಿಸ್ತ್ರಿಯ ಹತ್ತಿರ ಬಿಟ್ಟು ಅಣ್ಣ ಬಸ್ಸಿನಲ್ಲಿ ವಾಪಸು ಬಂದ. ಡಿಕ್ಕಿಯಲ್ಲಿ ಡ್ರಿಪ್ಪಿನ ಸಾಮಾನು, ಉಂಡಿಗೆಂದು ಅವ್ವ ತರಿಸಿದ ಶೇಂಗಾ ಚೀಲ, ಅಪ್ಪನ ಹಳೇ ಕೊಡೆ ಎಲ್ಲ ಹಾಗೇ ಉಳಿದಿದ್ದವು. ಗಾಡಿ ತರಲು ಹೋಗುವ ಹಿಂದಿನ ದಿನ ಅಣ್ಣ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದ. “ನನ್ನ ಕೈಗೆ ಔಷಧಿ ಹತ್ತೈತಿ,” ಎಂದು ದೂರದಿಂದಲೇ ಕೂಗಿದ. “ಮಿಸ್ತ್ರಿಗೆ ನೀನ ಫೋನ್ ಹಚ್ಚು. ಡಿಕ್ಕ್ಯಾಗಿನ ಸಾಮಾನ ತಗದ ಒಂದ ಕಡೆ ಇಡಾಕ ಹೇಳು. ಅಕ್ಕನ ಬ್ಯಾಗಿಗೆ ಜಾಗಾ ಬೇಕ.”

ನಾನು ಫೋನು ಹಚ್ಚಿದೆ. ಮಿಸ್ತ್ರಿ ಮನೆಯಲ್ಲಿ ಮರಾಠಿ ಮಾತಾಡುವವರು, ಗಿರಾಕಿಗಳ ಜೊತೆ ಕನ್ನಡ. ನನಗೆ ಎರಡೂ ಬರುತ್ತವೆ. ಬರುತ್ತವೆ ಎಂದು ತೋರಿಸಿಕೊಳ್ಳುವುದು ಇನ್ನೂ ಚೆನ್ನಾಗಿ ಬರುತ್ತದೆ. ‘ನಮಸ್ಕಾರ ಕಾಕಾ’ ಎಂದು ಮರಾಠಿಯಲ್ಲಿ ಶುರು ಮಾಡಿ, ನಾಳೆ ಬರುತ್ತೇವೆ ಎಂದು ತಿಳಿಸಿ, ಕೊನೆಗೆ ‘ಗಾಡಿ ಖಾಲಿ ಕರೂನ್ ಠೇವಾ’ ಎಂದೆ. ಗಾಡಿ ಖಾಲಿ ಮಾಡಿ ಇಡಿ.

“ನಕ್ಕಿ?” ಎಂದರು ಮಿಸ್ತ್ರಿ. ಖಾತ್ರಿನಾ?

“ನಕ್ಕಿ,” ಎಂದೆ ನಾನು, ಖಡಾಖಂಡಿತವಾಗಿ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಗ್ಯಾರೇಜಿಗೆ ಹೋದಾಗ ಮಿಸ್ತ್ರಿ ಬಾಗಿಲಲ್ಲೇ ನಿಂತಿದ್ದರು, ಮದುವೆ ಮನೆಯವರ ಹಾಗೆ. “ಬಘಾ ತಾಈ,” ಎಂದು ನನ್ನತ್ತ ಕೈ ಬೀಸಿದರು, “ಕಶೀ ಬಸ್ಲೀಯ ಗಾಡಿ!” ನೋಡಿ ಅಕ್ಕಾವ್ರೆ, ಹೇಗೆ ಕೂತಿದೆ ಗಾಡಿ.

ಗಾಡಿ ಕೂತಿತ್ತು. ಟೈರಿನ ಮೇಲೆ ಒಂದು ಬೆರಳು ತೂರುವಷ್ಟು ಜಾಗವಿರಲಿಲ್ಲ. ಗೋಡೆಯ ಮೊಳೆ ಬರಿದಾಗಿತ್ತು. ಡಿಕ್ಕಿಯಲ್ಲಿ ಡ್ರಿಪ್ ಸಾಮಾನು, ಶೇಂಗಾ ಚೀಲ, ಕೊಡೆ ಎಲ್ಲ ಇದ್ದಲ್ಲೇ ಇದ್ದವು.

“ಕಾಕಾ, ಇದೇನ್ ಮಾಡೀರಿ? ನಾ ಖಾಲಿ ಮಾಡ್ರಿ ಅಂದಿದ್ದೆ!”

“ಮಾಡೇನೆಲ್ರಿ ಖಾಲಿ!”

“ಖಾಲಿ ಅಂದ್ರ ಸಾಮಾನ ತಗೀರಿ ಅಂತ!”

“ಅದಕ್ಕ ನಾವ ರಿಕಾಮಿ ಅಂತೀವ್ರಿ,” ಎಂದರು ಮಿಸ್ತ್ರಿ, ಮುಖದ ಬಣ್ಣ ಇಳಿಯುತ್ತ. “ಖಾಲಿ ಅಂದ್ರ ಕೆಳಗ. ಕನ್ನಡದಾಗ ಖಾಲಿ ಅಂದ್ರ ಏನಂತ ನನಗೂ ಗೊತ್ತೈತ್ರಿ ತಾಈ. ನೀವ ಕನ್ನಡದಾಗ ಹೇಳಿದ್ರ ಡಿಕ್ಕಿ ತಗೀತಿದ್ದೆ. ಮರಾಠ್ಯಾಗ ಹೇಳಿದ್ರಿ. ನಿಮ್ಮಣ್ಣ ಆರ ತಿಂಗಳಿಂದ ಆ ಸ್ಪ್ರಿಂಗ್ ಮುಟ್ಟಿಮುಟ್ಟಿ ಹೋಗ್ತಾನ, ತಂಗಿ ಒಪ್ಪಂಗಿಲ್ಲ ಅಂತಾನ. ನೀವ ಫೋನ್ ಮಾಡಿ ಖಾಲಿ ಕರಾ ಅಂದ್ರಿ. ಕಡೀಕೂ ಒಪ್ಪಿದ್ರಿ ಅಂತ ನನಗ ಖುಷಿ ಆತ್ರಿ. ನಕ್ಕಿ ಅಂತ ಕೇಳೇನೆಲ್ರಿ?”

ಕೇಳಿದ್ದರು. ಪದದ ಅರ್ಥ ಮೊದಲು ಹೇಳು ಎಂದು ಆರು ತಿಂಗಳು ಅಣ್ಣನ ಬೆನ್ನು ಹತ್ತಿದವಳು ನಾನು.

ಅಣ್ಣ ಗಾಡಿಯ ಸುತ್ತ ನಿಧಾನವಾಗಿ ಒಂದು ಸಲ ಬಂದ. ಮುಂದಿನ ಗಾಲಿಯ ಹತ್ತಿರ ಕುಳಿತು ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟ. ಅವನು ಹೇಳಿದ್ದು ನಿಜ. ಗಾಡಿ ಬಿಡುವುದಕ್ಕೆ ಮೊದಲಿನ ಎತ್ತಿನ ಹಾಗೆಯೇ ಬಗ್ಗಿ ನಿಂತಿತ್ತು. ಆರು ತಿಂಗಳು ಇದೇ ಚಿತ್ರವನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಈಗ ಅದು ಕಣ್ಣೆದುರು ಇತ್ತು, ಮುಖದ ಮೇಲೆ ಮಾತ್ರ ಖುಷಿ ಇರಲಿಲ್ಲ.

“ನನ್ನ ಗಾಡಿ,” ಎಂದ ಎದ್ದು. ಸಿಟ್ಟೂ ಇರಲಿಲ್ಲ ಆ ಧ್ವನಿಯಲ್ಲಿ. “ಬ್ಯಾಡ ಅಂದಾಕೀನೂ ನೀನ. ಮಾಡ್ರಿ ಅಂದಾಕೀನೂ ನೀನ.”

ಸ್ಪರ್ಧೆಗಳಲ್ಲಿ ಎದುರಾಳಿಯ ಒಂದೇ ವಾಕ್ಯಕ್ಕೆ ಸಭೆ ತಣ್ಣಗಾಗುವುದನ್ನು ನೋಡಿದ್ದೇನೆ. ಅಂಥದಕ್ಕೂ ಮೂವತ್ತು ಸೆಕೆಂಡಿನಲ್ಲಿ ಉತ್ತರ ಕಟ್ಟಿದ್ದೇನೆ. ಅವತ್ತು ಮಿಸ್ತ್ರಿಯ ಕಡೆ ತಿರುಗಿದೆ.

“ಎರಡ ತಾಸ ಕೊಡ್ರಿ, ವಾಪಸ್ ಕಂಪನಿ ಮಾಡಿ ಬಿಡ್ತೇನಿ,” ಎಂದರು ಮಿಸ್ತ್ರಿ.

“ಹೌದು, ಈಗಿಂದೀಗ—” ಎಂದು ನಾನು ಬಾಯಿ ತೆರೆದೆ.

“ನೀ ಸುಮ್ಕಿರು,” ಎಂದ ಅಣ್ಣ. “ಅಕ್ಕ ಕಾಯ್ತಿರತಾಳ. ಹತ್ತು.”

ಡಿಕ್ಕಿಯ ಸಾಮಾನನ್ನು ನಾನೇ ಇಳಿಸಿ ಗ್ಯಾರೇಜಿನ ಮೂಲೆಯಲ್ಲಿಟ್ಟು, ಶೇಂಗಾ ಚೀಲವನ್ನಷ್ಟೇ ಮಡಿಲಲ್ಲಿ ಇಟ್ಟುಕೊಂಡು ಹತ್ತಿದೆ.

ಹೆದ್ದಾರಿ ಬಿಟ್ಟು ಚಿಕ್ಕೋಡಿ ರಸ್ತೆಗೆ ತಿರುಗಿದ ಮೇಲೆ ಮೊದಲನೆಯ ಹಂಪ್ಸು ಬಂತು. ಗಾಡಿಯ ಹೊಟ್ಟೆ ಕರ್ರೆಂದು ಕೆರೆಯಿತು. ಅಣ್ಣ ಹಿಂದಕ್ಕೆ ತೆಗೆದು, ಓರೆಯಾಗಿ ಹಾಯಿಸಲು ನೋಡಿದ. ಮತ್ತೆ ಕರ್ರೆಂದಿತು. ಆಮೇಲೆ ನನ್ನ ಕಡೆ ನೋಡಿದ.

“ಇಳಿ.”

“ಯಾಕ?”

“ಭಾರಾ ಕಡಿಮಿ ಆದ್ರ ಒಂದ ಬೆರಳ ಮ್ಯಾಲ ಏಳತೈತಿ. ಇಳಿ. ಶೇಂಗಾನೂ ತಗೊಂಡ ಇಳಿ.”

ಇಳಿದೆ. ಚೀಲ ಹೊತ್ತು ಪಕ್ಕಕ್ಕೆ ನಿಂತೆ. ಗಾಡಿ ಕಳ್ಳಬೆಕ್ಕಿನಂತೆ ಸದ್ದಿಲ್ಲದೆ ದಾಟಿಹೋಯಿತು. ಆಗ ನನಗೆ ಹೊಳೆಯಿತು, ಮರಾಠಿಯಲ್ಲಿ ಖಾಲಿ ಮಾಡಿದ ಗಾಡಿಯನ್ನು ಪ್ರತಿ ಹಂಪ್ಸಿಗೂ ಕನ್ನಡದಲ್ಲಿ ಖಾಲಿ ಮಾಡಬೇಕು ಎಂದು. ಇದನ್ನು ಅಣ್ಣನಿಗೆ ಹೇಳಿದರೆ ನಗುತ್ತಾನೋ ಇಲ್ಲವೋ ಗೊತ್ತಾಗದೆ ಹೇಳಲಿಲ್ಲ.

ನಮ್ಮ ಭಾಗದ ಹಂಪ್ಸುಗಳ ಬಗ್ಗೆ ತಿಳಿಯದವರಿಗೆ ಹೇಳುತ್ತೇನೆ: ಒಂದು ಶಾಲೆಗೆ ಎರಡು, ಒಂದು ಗುಡಿಗೆ ಎರಡು, ಊರು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು. ನಡುವೆ ಯಾರದೋ ಮನೆಯ ಮುಂದೆ ಅವರೇ ಮಣ್ಣು ಹಾಕಿ ಎಬ್ಬಿಸಿದ್ದು ಬೇರೆ. ಚಿಕ್ಕೋಡಿ ದಾಟುವವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ರಾಯಬಾಗದ ಹತ್ತಿರ ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜ ಒಬ್ಬ ನಿಂತು, ನಾನು ಇಳಿಯುವುದನ್ನೂ ಗಾಡಿ ಹೊಟ್ಟೆ ಎಳೆದುಕೊಂಡು ದಾಟುವುದನ್ನೂ ಪೂರ್ತಿ ನೋಡಿದ.

“ಗಬ್ಬ ಐತೇನವಾ ನಿಮ್ಮ ಗಾಡಿ?” ಎಂದು ಕೇಳಿದ, ಕುರಿಯ ಬಗ್ಗೆ ಕೇಳುವಷ್ಟೇ ಕಾಳಜಿಯಿಂದ.

ಒಳಗೆ ಅಣ್ಣನ ಭುಜ ಅಲ್ಲಾಡಿತು. ನಗುತ್ತಿದ್ದಾನೆ ಎಂದು ಗೊತ್ತಾಗಿ ನನಗೆ ಅರ್ಧ ಜೀವ ಬಂತು.

ಕುಡಚಿಯ ಸೇತುವೆಯ ಮೇಲೆ ಹೊಳೆ ಇನ್ನೂ ಬಂದಿರಲಿಲ್ಲ. ಎರಡು ಆಳು ಕೆಳಗೆ ಕೆಂಪಗೆ ಹರಿಯುತ್ತಿತ್ತು. ಅಕ್ಕನ ಊರು ಮುಟ್ಟಿದಾಗ ಊಟದ ಹೊತ್ತು. ಅವರ ಓಣಿಯ ಬಾಯಲ್ಲಿ ಗಟಾರದ ಮೇಲೆ ಕಲ್ಲುಚಪ್ಪಡಿ ಹಾಸಿದ್ದರು. ಅದನ್ನು ನೋಡಿ ಅಣ್ಣ ಇಂಜಿನ್ ಬಂದ್ ಮಾಡಿದ. ಖಾಲಿ ಮಾಡಿದರೂ ದಾಟುವಂಥದಲ್ಲ ಅದು. ಹಣೆಗೆ ಕುಂಕುಮ ಹಚ್ಚಿಕೊಂಡು, ಹೊಸ ಸೀರೆ ಉಟ್ಟು, ಅಕ್ಕ ಓಣಿಯ ಆ ತುದಿಯ ಕಟ್ಟೆಯ ಮೇಲೆ ನಿಂತಿದ್ದಳು. ಅವಳ ಜೊತೆ ಗಾಡಿ ನೋಡಲೆಂದೇ ಬಂದ ಏಳೆಂಟು ಹೆಂಗಸರು. ನಾವು ನಡೆದುಕೊಂಡು ಹೋದೆವು.

“ಗಾಡಿ ತರ್ತಾನ ನನ್ನ ತಮ್ಮ ಅಂತಿದ್ದಳ್ರೀ ನಿಮ್ಮಕ್ಕ,” ಎಂದರು ಅವಳ ಅತ್ತೆ, ನೀರಿನ ತಂಬಿಗೆ ಕೊಡುತ್ತ. “ಕಾಲಗಾಡಿ ಅಂತ ಹೇಳಿದ್ದಿಲ್ಲ.”

ಅಣ್ಣನ ಕಿವಿ ಕೆಂಪಾದವು. ನಾನು ನಡುವೆ ಬಾಯಿ ಹಾಕಿ, ತಪ್ಪು ನನ್ನದು ಎಂದು ಹೇಳಲು ಹೊರಟೆ. ಅವನು ಮೆಲ್ಲಗೆ ತಲೆಯಾಡಿಸಿದ, ಬೇಡ ಎಂದು. “ಗಾಡಿ ಒಂದೀಟ ತೆಳಗೈತ್ರೀ ಅತ್ತಿ,” ಎಂದ. “ರೋಡಿಗಿ ನಿಲ್ಸೇನಿ. ಬರ್ರಿ, ಕುಂತ ನೋಡ್ರಿ.” ಅತ್ತೆ ಬಂದರು. ಸೀಟಿನಲ್ಲಿ ಕುಳಿತು ಏಳಲಾಗದೆ, ಇಬ್ಬರು ಸೊಸೆಯರು ಎರಡು ಕೈ ಹಿಡಿದು ಎಬ್ಬಿಸಬೇಕಾಯಿತು. ಹೆಂಗಸರೆಲ್ಲ ನಕ್ಕು ನಕ್ಕು ಸೋತರು, ಅತ್ತೆಯೂ. ಅಲ್ಲಿಗೆ ಅಕ್ಕನ ಮಾತು ಉಳಿಯಿತು.

ವಾಪಸು ಬರುವಾಗ ಅಕ್ಕ ಮುಂದೆ, ನಾನು ಹಿಂದೆ ಸುತ್ತಿಕೊಂಡು. ಎರಡು ಬಾಗಿಲಿನ ಗಾಡಿಯಲ್ಲಿ ಹಿಂದಿನವಳು ಇಳಿಯಬೇಕೆಂದರೆ ಮುಂದಿನವಳು ಮೊದಲು ಇಳಿದು ಸೀಟು ಬಗ್ಗಿಸಬೇಕು. ಮೊದಲ ಹಂಪ್ಸಿಗೆ ಅಕ್ಕ ಗಾಬರಿಯಾದಳು. ಮೂರನೆಯದಕ್ಕೆ ಅಣ್ಣ ಹೇಳುವ ಮೊದಲೇ ಬಾಗಿಲು ತೆರೆದಳು. ನಾವಿಬ್ಬರೂ ಹತ್ತು ಹೆಜ್ಜೆ ನಡೆದು, ಮತ್ತೆ ಹತ್ತಿ, ಮತ್ತೆ ಇಳಿದು ಹೀಗೇ ಬಂದೆವು. ಒಂದು ಹಂಪ್ಸಿನಲ್ಲಿ ಅವಳು ರಸ್ತೆ ಬದಿಯ ಹೆಸರುಕಾಯಿ ಹರಿದು ತಿಂದಳು. ಇನ್ನೊಂದರಲ್ಲಿ ಅವರ ಎಮ್ಮೆ ಕರು ಹಾಕಿದ ಕಥೆ ಹೇಳಿದಳು. ಕಥೆ ಮುಗಿಯದೆ ಅಣ್ಣ ಹಾರ್ನ್ ಹೊಡೆಯುತ್ತ ಕಾಯಬೇಕಾಯಿತು.

ಸೇತುವೆ ಮುಗಿಯುವಲ್ಲಿನ ಹಂಪ್ಸಿನಲ್ಲಿ ಇಳಿದಾಗ, “ನೀನ ಬ್ಯಾಡ ಅಂತಿದ್ದೀ, ಮತ್ತ ಹೆಂಗ ಕೆಳಗಾತು?” ಎಂದು ಕೇಳಿದಳು. ಹೇಳಿದೆ. ಖಾಲಿ ಎಂಬಲ್ಲಿಗೆ ಬಂದಾಗ ಅವಳು ದಂಡೆಯ ಕಂಬ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು, “ನೀ ವಾದದಾಗ ಗೆದ್ದಾಗೆಲ್ಲ ಅಂವ ಏನಂತಾನ?”

“ಬಿಡು ಅಂತಾನ.”

“ಬಿಡು ಅಂದ್ರ ಸೋತೆ ಅಂತಲ್ಲವಾ. ನಿನ್ನ ಕೂಡ ಮಾತಾಡಂಗಿಲ್ಲ ಅಂತ.” ಅವಳ ಧ್ವನಿಯಲ್ಲಿ ಬೈಗುಳ ಇರಲಿಲ್ಲ. “ಅಂವಗ ಏನ್ ಬೇಕಂತ ಯಾರರ ಕೇಳೀರಿ? ಅಪ್ಪ ಕೇಳಿಲ್ಲ, ಬಿಡು, ಅಪ್ಪಗ ಗೊತ್ತಾಗಂಗಿಲ್ಲ. ನೀ ಓದಿದಾಕಿ.”

ನಾನು ಗಾಡಿಯ ಕಡೆ ನೋಡಿದೆ. ಅಣ್ಣ ಹಂಪ್ಸು ದಾಟಿಸಿ ರಸ್ತೆ ಬದಿಗೆ ನಿಲ್ಲಿಸಿಕೊಂಡಿದ್ದ. ಅವನ ಫೋನು ರಿಂಗಾಗುತ್ತಿತ್ತು. ಅವನು ಸ್ಪೀಕರಿಗೆ ಹಾಕಿದ. ಎರಡೂ ಕಿಟಕಿ ಇಳಿಸಿದ್ದರಿಂದ ಮಿಸ್ತ್ರಿಯ ಧ್ವನಿ ನಮಗೂ ಕೇಳಿಸಿತು. ಬೆಳಗ್ಗಿನಿಂದ ಆ ಮನುಷ್ಯನ ಅನ್ನ ಇಳಿದಿಲ್ಲ ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

“ಮಾಲಕ, ನಿಮ್ಮ ಕಂಪನಿ ಸ್ಪ್ರಿಂಗ್ ತೊಳದ ಎಣ್ಣಿ ಹಚ್ಚಿ ಇಟ್ಟೇನ್ರಿ. ಯಾವಾಗ ಬರ್ತೀರಿ ಹೇಳ್ರಿ, ಇದ್ದಂಗ ಮಾಡಿ ಕೊಡ್ತೇನಿ.”

ನಾನು ಕಿಟಕಿಯ ಪಕ್ಕಕ್ಕೆ ಬಂದು ನಿಂತೆ. ಅಣ್ಣ ಅಭ್ಯಾಸಬಲದಿಂದ ನನ್ನ ಮುಖ ನೋಡಿದ. ನನ್ನ ಬಳಿ ನಾಲ್ಕು ಪಾಯಿಂಟು ತಯಾರಿದ್ದವು. ಬೆಳಗಿನಿಂದ ಗಾಡಿಯ ಹೊಟ್ಟೆ ಕೆರೆದದ್ದು ಒಂದೊಂದೂ ನನ್ನ ಪರವಾದ ಸಾಕ್ಷಿ. ಅಕ್ಕನ ಓಣಿಗೆ ಹೋಗಲಾಗದ್ದು ಬೇರೆ. ಇಷ್ಟು ಸುಲಭದ ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

ನಾನು ಶೇಂಗಾ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ, ಅಷ್ಟೇ.

“ಹೆಲೋ? ತಾಈ ಏನಂತಾರ್ರಿ?” ಎಂದರು ಮಿಸ್ತ್ರಿ.

ಅಣ್ಣ ಇನ್ನೂ ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ತಾಈ ಗಾಡ್ಯಾಗ ಇಲ್ರಿ ಮಿಸ್ತ್ರಿ,” ಎಂದ. “ಗಾಡಿ ಖಾಲಿ ಐತಿ. ಖಾಲೀನ ಇರಲಿ.”

ಆ ಕಡೆ ಮಿಸ್ತ್ರಿ ಗಂಟಲು ಸರಿಪಡಿಸಿಕೊಂಡರು. ಎರಡನೇ ಸಲ ಅದೇ ತಪ್ಪು ಮಾಡುವವರಲ್ಲ ಅವರು. “ಕನ್ನಡ ಖಾಲೀನೊ, ಮರಾಠಿ ಖಾಲೀನೊ, ಬರೋಬರಿ ಹೇಳ್ರಿ ಮಾಲಕ.”

“ಎರಡೂ,” ಎಂದ ಅಣ್ಣ, ಹಲ್ಲು ಕಾಣುವಂತೆ ನಕ್ಕು.

ಅಕ್ಕ ಸೀಟು ಬಗ್ಗಿಸಿದಳು, ನಾನು ಒಳಗೆ ತೂರಿಕೊಂಡೆ. ರಾಯಬಾಗದವರೆಗೆ ಎಷ್ಟು ಹಂಪ್ಸು ಉಳಿದಿವೆ ಎಂದು ಅವಳು ಕೇಳುತ್ತಿದ್ದಳು, ಎಮ್ಮೆಯ ಕಥೆ ಇನ್ನೂ ಬಾಕಿ ಇತ್ತು.